ಅಮ್ಮ, ಇಲ್ಲಿಯೂ ಕೆಮ್ಮಣ್ಣಿದೆ

ಕುನುನುರಾ, ಪಶ್ಚಿಮ ಆಸ್ಟ್ರೇಲಿಯಾ
ಆಗಸ್ಟ್ 17, ಭಾನುವಾರ

ಪ್ರೀತಿಯ ಅಮ್ಮ, ಅಪ್ಪ,

ಇಬ್ಬರೂ ಆರಾಮವಾಗಿದ್ದೀರಿ ಅಂದುಕೊಂಡಿದ್ದೇನೆ. ಸಾಗರದಲ್ಲಿ ಮಳೆ ಹೊಳವೇ ಕೊಟ್ಟಿಲ್ಲ ಅಂತ ತಮ್ಮ ಹೇಳಿದ. ಇಲ್ಲಿ ಎಷ್ಟೋ ವಾರದಿಂದ ಒಂದು ಹನಿಯೂ ಬಿದ್ದಿಲ್ಲ. ಇಲ್ಲಿಯ ಮಳೆಗಾಲ ಶುರುವಾಗುವುದೇ ನವೆಂಬರ್ ಹೊತ್ತಿಗೆ. ಈಗ ತಲೆ ಎತ್ತಿದರೆ ನೀಲಿ, ತಗ್ಗಿಸಿದರೆ ಕೆಂಪು. ಬಿಳಿ ಯೂನಿಫಾರಂ ನೆನೆಸಿಟ್ಟರೆ ಬಕೆಟ್ಟಿನ ನೀರು ನಮ್ಮ ಅಂಗಳದ ಮಳೆನೀರಿನ ಬಣ್ಣಕ್ಕೆ ತಿರುಗುತ್ತದೆ.

ಅಮ್ಮ, ಹೋದ ವಾರ ಫೋನಿನಲ್ಲಿ ನೀನು ಕೇಳಿದೆಯಲ್ಲ, "ಮಣ್ಣಲ್ಲಿ ಬರೆದ ಚಿತ್ರಕ್ಕೆ ಅಷ್ಟೊಂದು ದುಡ್ಡು ಯಾರು ಕೊಡ್ತಾರೆ? ಕೊಟ್ಟರೂ ಅದು ಯಾರ ಕೈ ಸೇರುತ್ತೆ?" ಅಂತ. ಡ್ಯೂಟಿಗೆ ಹೊತ್ತಾಗಿತ್ತು, ಏನೋ ಅರ್ಧಂಬರ್ಧ ಹೇಳಿ ಫೋನ್ ಇಟ್ಟೆ. ಆದರೆ ನಿನ್ನ ಎರಡನೇ ಪ್ರಶ್ನೆ ರಾತ್ರಿ ಪಾಳಿ ಪೂರ್ತಿ ತಲೆಯಲ್ಲೇ ಕೂತಿತ್ತು. ನಿಧಾನವಾಗಿ ಉತ್ತರ ಬರೆಯೋಣ ಅಂತ ಈವತ್ತು ಕೂತಿದ್ದೇನೆ.

ನಾನು ಹೋಗಿದ್ದು ವಾರ್ಮನ್ ಅನ್ನುವ ಊರಿಗೆ. ಇಲ್ಲಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್. ಟರ್ಕಿ ಕ್ರೀಕ್ ಅಂತಲೂ ಕರೆಯುತ್ತಾರೆ. ಗಿಜಾ ಅನ್ನುವ ಮೂಲನಿವಾಸಿ ಜನರ ಊರು. ನಮ್ಮ ವಾರ್ಡಿನ ಗೆಳತಿಯೊಬ್ಬಳ ಕಾರಿನಲ್ಲಿ ಬೆಳಗ್ಗೆ ಆರಕ್ಕೇ ಹೊರಟೆವು. ದಾರಿಯುದ್ದಕ್ಕೂ ಹೊಟ್ಟೆ ದಪ್ಪಗಿರುವ ಬೋಅಬ್ ಮರಗಳು. ಅಪ್ಪ, ಸವಣೂರಿನಲ್ಲಿ ನೀನು ದೊಡ್ಡಹುಣಸೆ ಮರ ತೋರಿಸಿದ್ದೆ ನೆನಪಿದೆಯಾ, ನಾವು ಮೂವರು ಕೈ ಹಿಡಿದರೂ ಸುತ್ತು ಬರಲಿಲ್ಲ? ಇವು ಅದರ ದಾಯಾದಿಗಳು. ಆ ಮರ ಕಂಡಾಗಲೆಲ್ಲ ನೀನೇ ನೆನಪಾಗುತ್ತೀಯ.

ಊರು ಚಿಕ್ಕದು. ಹೈವೇ ಪಕ್ಕದಲ್ಲಿ ಒಂದು ಪೆಟ್ರೋಲ್ ಬಂಕ್, ಶಾಲೆ, ಕ್ಲಿನಿಕ್, ಮನೆಗಳು, ಮತ್ತೆ ವಾರ್ಮನ್ ಆರ್ಟ್ ಸೆಂಟರ್. ಇದು 1998ರಲ್ಲಿ ಶುರುವಾಯಿತು. ಇದರ ಮಾಲೀಕರು ಗಿಜಾ ಜನರೇ. ಕಮಿಟಿಯಲ್ಲಿ ಕೂರುವವರೂ ಅವರೇ. ಮ್ಯಾನೇಜರ್ ಹೊರಗಿನಿಂದ ಬಂದವರಾದರೂ ಕೆಲಸಕ್ಕೆ ಇಟ್ಟುಕೊಳ್ಳುವವರು ಇವರು. ನಿನ್ನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಆದರೆ ಮೊದಲು ಮಣ್ಣಿನ ವಿಷಯ ಹೇಳಬೇಕು. ಇಲ್ಲದಿದ್ದರೆ ಮಾಲೀಕರು ಅನ್ನುವ ಮಾತಿನ ತೂಕ ನಿನಗೆ ಗೊತ್ತಾಗುವುದಿಲ್ಲ.

ಒಳಗೆ ಕಾಲಿಟ್ಟ ಕೂಡಲೇ ಒದ್ದೆ ಮಣ್ಣಿನ ವಾಸನೆ. ಅಮ್ಮ, ನಿಜ ಹೇಳುತ್ತೇನೆ, ಗಂಟಲು ಕಟ್ಟಿಬಂತು. ನೀನು ಮದುವೆ ಮನೆಗಳಿಗೆ ಹಸೆ ಚಿತ್ತಾರ ಬರೆಯೋಕೆ ಹೋಗುವಾಗ ನಾನು ನಿನ್ನ ಸೆರಗು ಹಿಡಿದು ಬರುತ್ತಿದ್ದೆನಲ್ಲ. ಗೋಡೆಗೆ ಕೆಮ್ಮಣ್ಣು ಬಳಿದು ಒಣಗಲಿಕ್ಕೆ ಬಿಟ್ಟಾಗ ಬರುತ್ತಿದ್ದ ಅದೇ ವಾಸನೆ. ಅಕ್ಕಿ ಅರೆದ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ, ಎಲ್ಲ ಕಣ್ಣ ಮುಂದೆ ಬಂತು.

ಒಬ್ಬರು ಅಜ್ಜಿ ನೆಲದ ಮೇಲೆ ಕ್ಯಾನ್ವಾಸ್ ಹಾಸಿಕೊಂಡು ಕಾಲು ಮಡಚಿ ಕೂತಿದ್ದರು. ಪಕ್ಕದಲ್ಲಿ ಒಂದು ನಾಯಿ ಮಲಗಿತ್ತು. ಎದುರಿಗೆ ಐದಾರು ಡಬ್ಬಿ. ಒಂದರಲ್ಲಿ ಇಟ್ಟಿಗೆ ಕೆಂಪು, ಇನ್ನೊಂದರಲ್ಲಿ ಸಾಸಿವೆ ಹೂವಿನ ಹಳದಿ, ಮತ್ತೊಂದರಲ್ಲಿ ಸುಣ್ಣದ ಹಾಗೆ ಬಿಳಿ, ಕಪ್ಪಿಗೆ ಇದ್ದಿಲು. ಕೆಂಪಿಗೆ ಬಿಳಿ ಬೆರೆಸಿದರೆ ಸೀಬೆಹಣ್ಣಿನ ತಿರುಳಿನ ಗುಲಾಬಿ ಬರುತ್ತದೆ. ಅಂಗಡಿಯಿಂದ ತಂದ ಬಣ್ಣ ಇಲ್ಲ. ಎಲ್ಲ ಈ ಸುತ್ತಿನ ಗುಡ್ಡ, ಹಳ್ಳದ ದಂಡೆಯಿಂದ ಬಂದದ್ದು. ಮಳೆ ನಿಂತು ದಾರಿ ಒಣಗಿದ ಮೇಲೆ ಗಾಡಿ ಕಟ್ಟಿಕೊಂಡು ಹೋಗಿ ಅಗೆದು ತರುತ್ತಾರೆ.

ಹಿಂದುಗಡೆ ಒಬ್ಬ ಹುಡುಗ ಬಣ್ಣ ಮಾಡುತ್ತಿದ್ದ. ನಾನು ಅವನ ಪಕ್ಕದಲ್ಲೇ ಕೂತೆ. ಚಿಗಳಿ ಉಂಡೆಯಷ್ಟು ದೊಡ್ಡ ಕಲ್ಲು. ಹೊರಗೆ ನೋಡಿದರೆ ಸುಮ್ನೆ ಕಂದು ಬಣ್ಣದ ಕಲ್ಲು. ಸುತ್ತಿಗೆಯಿಂದ ಒಂದೇಟು ಹಾಕಿದ. ಒಳಗೆ ಕಡುಕೆಂಪು, ಅರಿಶಿನಕ್ಕೆ ಸುಣ್ಣ ಹಾಕಿದಾಗ ಬರುತ್ತಲ್ಲ ಹಾಗೆ. ಚೂರನ್ನು ಕಲ್ಲಿನ ಮೇಲಿಟ್ಟು ಕುಟ್ಟಿ, ಅರೆದು, ಜರಡಿ ಹಿಡಿದ. ಉಳಿದ ತರಿಯನ್ನು ಮತ್ತೆ ಅರೆದ. ಆಮೇಲೆ ನೀರು, ಸ್ವಲ್ಪ ಅಂಟು. ಹಿಂದೆ ಮರದ ಗೋಂದು ಹಾಕುತ್ತಿದ್ದರಂತೆ, ಈಗ ಅಂಗಡಿಯ ಅಂಟು. ಹದ ನೋಡಲಿಕ್ಕೆ ಬೆರಳು ಅದ್ದಿ ತನ್ನ ಮೊಣಕೈ ಮೇಲೆ ಒಂದು ಗೀರು ಎಳೆದುಕೊಂಡ. ನೀನು ಅಂಗೈ ಮೇಲೆ ನೋಡಿಕೊಳ್ಳುತ್ತಿದ್ದೆ, ಅಲ್ವಾ?

ಜಾಸ್ತಿ ಅರೆಯುವುದೂ ಇಲ್ಲ. ಸ್ವಲ್ಪ ತರಿ ಉಳಿಯಬೇಕು. ಒಣಗಿದ ಮೇಲೆ ಚಿತ್ರದ ಹತ್ತಿರ ಮುಖ ಒಯ್ದರೆ ನೆಲವನ್ನೇ ನೋಡಿದ ಹಾಗಿರುತ್ತದೆ. ಬೆಳಕು ಅದರ ಮೇಲೆ ಬಿದ್ದು ಜಾರುವುದಿಲ್ಲ, ಒಳಗೆ ಇಳಿದುಹೋಗುತ್ತದೆ.

ಅಲ್ಲೇ ಮೂಲೆಯಲ್ಲಿ ಹಳದಿ ಕಲ್ಲಿನ ರಾಶಿ ಇತ್ತು. ಒಂದು ಚಿಕ್ಕ ಚೂರು ಅಮ್ಮನಿಗೆ ಕಳಿಸಬಹುದಾ ಅಂತ ಅಜ್ಜಿಯನ್ನು ಕೇಳಿದೆ. ಅಮ್ಮನೂ ಮಣ್ಣಲ್ಲಿ ಚಿತ್ರ ಬರೆಯುತ್ತಾಳೆ ಅಂತಲೂ ಹೇಳಿದೆ. ಅವರು ನಿನ್ನ ಬಗ್ಗೆ ಎಲ್ಲ ಕೇಳಿದರು. ಯಾವ ಊರು, ಯಾವ ಮಣ್ಣು, ಯಾರಿಂದ ಕಲಿತದ್ದು. ಆಮೇಲೆ ಮೆತ್ತಗೆ ಹೇಳಿದರು: "ಆ ಕಲ್ಲು ನನ್ನ ಕಂಟ್ರಿಯದಲ್ಲ ಮಗಳೇ. ನಮ್ಮ ಯಜಮಾನರ ಕಡೆಯವರದು. ಕೊಡೋಕೆ ನಾನ್ಯಾರು?"

ಕಂಟ್ರಿ ಅಂದರೆ ಇವರ ಬಾಯಲ್ಲಿ ದೇಶ ಅಂತಲ್ಲ. ಹಿರಿಯರಿಂದ ಬಂದ ತಮ್ಮ ನೆಲ, ಅಲ್ಲಿನ ಹಳ್ಳ, ಗುಡ್ಡ, ಪ್ರಾಣಿ, ಹಾಡು, ಕಥೆ ಎಲ್ಲ ಸೇರಿ ಕಂಟ್ರಿ. ಯಾವ ಕಂಟ್ರಿಯ ಚಿತ್ರ ಯಾರು ಬರೆಯಬಹುದು ಅನ್ನುವುದಕ್ಕೆ ಕಟ್ಟುಪಾಡು ಇದೆ. ಅಪ್ಪನ ಕಡೆಯಿಂದ ಬಂದದ್ದು, ಅಮ್ಮನ ಕಡೆಯಿಂದ ಬಂದದ್ದು, ಹಿರಿಯರು ಒಪ್ಪಿ ಕೊಟ್ಟದ್ದು. ಕೈಚಳಕ ಎಷ್ಟೇ ಇರಲಿ, ಬೇರೆಯವರ ಕಥೆಗೆ ಕೈ ಹಾಕುವ ಹಾಗಿಲ್ಲ. ಎಲ್ಲರಿಗೂ ಒಂದೊಂದು 'ಸ್ಕಿನ್' ಹೆಸರೂ ಇರುತ್ತದೆ, ನಮ್ಮಲ್ಲಿ ಮದುವೆಗೆ ಬಳಿ, ಅಂದರೆ ಕುಲದ ಗುರುತು, ನೋಡುತ್ತಾರಲ್ಲ ಹಾಗೆ. ಯಾರಿಗೆ ಯಾರು ಏನಾಗಬೇಕು, ಯಾರು ಯಾರನ್ನು ಮದುವೆಯಾಗಬಾರದು ಅಂತ ಅದರಲ್ಲೇ ಗೊತ್ತಾಗುತ್ತದೆ.

ಆ ಕಟ್ಟುಪಾಡಿನದೇ ಒಂದು ಕಥೆ ಇದೆ, ನಿನಗೆ ಇಷ್ಟ ಆಗುತ್ತದೆ. ಮೇಬಲ್ ಜೂಲಿ ಅನ್ನುವ ಹಿರಿಯ ಕಲಾವಿದೆ ಇದನ್ನು ಮತ್ತೆ ಮತ್ತೆ ಬರೆದಿದ್ದಾರೆ. ಕಪ್ಪು ನೆಲ, ಅದರ ಮೇಲೆ ಬಿಳಿ ಕೊಡಲಿಯಂಥ ಅರ್ಧಚಂದ್ರ, ಒಂದು ನಕ್ಷತ್ರ. ಅಷ್ಟೇ. ಚಂದ್ರ ಹಿಂದೆ ಮನುಷ್ಯನಾಗಿದ್ದ. ತನಗೆ ಹೆಣ್ಣು ಕೊಡುವ ಅತ್ತೆಯಾಗಬೇಕಾದವಳ ಮೇಲೆಯೇ ಮನಸ್ಸಿಟ್ಟ. ಇವರಲ್ಲಿ ಅಳಿಯ, ಅತ್ತೆ ಒಬ್ಬರನ್ನೊಬ್ಬರು ಮಾತಾಡಿಸುವುದೂ ಇಲ್ಲ. ಹಿರಿಯರು ಬೈದರು. ಅವಮಾನದಿಂದ ಸಿಟ್ಟಾಗಿ ಊರು ಬಿಟ್ಟು ಹೋಗುವಾಗ ಹೇಳಿದನಂತೆ: ನೀವೆಲ್ಲ ಸತ್ತರೆ ಸತ್ತೇ ಹೋಗುತ್ತೀರಿ, ನಾನೊಬ್ಬ ಮೂರು ದಿನಕ್ಕೆ ಎದ್ದು ಬರುತ್ತೇನೆ. ಅಮಾವಾಸ್ಯೆಗೆ ಮರೆಯಾಗಿ ಮತ್ತೆ ಹುಟ್ಟಿ ಬರುವುದು ಅದಕ್ಕೇ. ಇಂಥ ಆದಿಕಾಲದ ಕಥೆಗಳನ್ನೆಲ್ಲ, ಅವುಗಳಿಂದ ಬಂದ ಕಟ್ಟಳೆಯನ್ನೂ ಸೇರಿಸಿ, ಗಿಜಾ ಮಾತಿನಲ್ಲಿ ಙರಂಗರ್ನಿ ಅನ್ನುತ್ತಾರೆ. ಮುಗಿದುಹೋದ ಕಾಲದ ಮಾತು ಅನ್ನುವ ಹಾಗೆ ಯಾರೂ ಹೇಳುವುದಿಲ್ಲ. ಗುಡ್ಡ ತೋರಿಸಿ, ಅಗೋ ಅಲ್ಲಿ ಕೂತಿದ್ದಾನೆ ಅನ್ನುತ್ತಾರೆ.

ಈ ಊರು ಹುಟ್ಟಿದ್ದು ಹೇಗೆ ಅಂತ ಕೇಳಿದರೆ ಬೇಸರವಾಗುತ್ತದೆ. ಗಿಜಾ ಜನರ ನೆಲವನ್ನು ಬಿಳಿಯರು ದೊಡ್ಡ ದೊಡ್ಡ ದನದ ಫಾರಂ ಮಾಡಿಕೊಂಡರು. ಅದರಲ್ಲೇ ಇವರನ್ನು ದುಡಿಸಿದರು. ಕೂಲಿ ಅಂದರೆ ಹಿಟ್ಟು, ಚಹಾಪುಡಿ, ಸಕ್ಕರೆ. ಬಿಳಿಯರಿಗೆ ಕೊಟ್ಟಷ್ಟೇ ಸಂಬಳ ಇವರಿಗೂ ಕೊಡಬೇಕು ಅಂತ 1966ರಲ್ಲಿ ತೀರ್ಪು ಬಂತು, ಜಾರಿಗೆ ಬಂದದ್ದು 1968ರ ಕೊನೆಗೆ. ನ್ಯಾಯ ಸಿಕ್ಕಿತು ಅನ್ನುವಷ್ಟರಲ್ಲಿ ಫಾರಂನವರು ಸಂಸಾರ ಸಂಸಾರಗಳನ್ನೇ ಹೊರಗೆ ಹಾಕಿದರು. ಹಾಗೆ ನೆಲೆ ತಪ್ಪಿದವರು ಹಳ್ಳದ ದಂಡೆಯಲ್ಲಿ ಬಂದು ಸೇರಿ ಈ ಊರು ಆಯಿತು.

ತೀರಿಹೋದವರ ಹೆಸರನ್ನು ಇಲ್ಲಿ ಸುಲಭಕ್ಕೆ ಎತ್ತುವುದಿಲ್ಲ. ಪುಸ್ತಕ, ಮ್ಯೂಸಿಯಮ್ಮುಗಳಲ್ಲಿ ಬಳಕೆಯಲ್ಲಿರುವ ಹೆಸರುಗಳನ್ನಷ್ಟೇ ಬರೆಯುತ್ತಿದ್ದೇನೆ.

ರೋವರ್ ಥಾಮಸ್ ಅಂತ ಒಬ್ಬರು ದನ ಕಾಯುವ ಕೆಲಸದಲ್ಲಿದ್ದವರು. ಈ ಊರಿನ ಹತ್ತಿರ ರಸ್ತೆ ಅಪಘಾತದಲ್ಲಿ ಅವರ ಬಳಗದ ಹೆಂಗಸೊಬ್ಬರಿಗೆ ತೀವ್ರ ಪೆಟ್ಟಾಯಿತು. ವಿಮಾನದಲ್ಲಿ ಪರ್ತ್ ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲೇ ತೀರಿಕೊಂಡರು. ಆಮೇಲೆ ಆಕೆಯ ಆತ್ಮ ರೋವರ್ ಅವರ ಕನಸಿಗೆ ಬಂದು, ತಾನು ವಾಪಸ್ ಊರಿಗೆ ನಡೆದುಬಂದ ದಾರಿಯನ್ನೆಲ್ಲ ಹಾಡಾಗಿ ಕೊಟ್ಟಿತಂತೆ. ಆ ಹಾಡಿನ ಕೊನೆಯಲ್ಲಿ ಚಂಡಮಾರುತಕ್ಕೆ ಸಿಕ್ಕ ಡಾರ್ವಿನ್ ಪಟ್ಟಣ ಕಾಣುತ್ತದೆ. 1974ರ ಕ್ರಿಸ್‌ಮಸ್ ದಿನ ಬೆಳಗಿನ ಜಾವ ಟ್ರೇಸಿ ಚಂಡಮಾರುತ ಡಾರ್ವಿನ್ನನ್ನು ನೆಲಸಮ ಮಾಡಿತ್ತು. ನಮ್ಮ ಆಚಾರ ಬಿಟ್ಟರೆ ಹೀಗಾಗುತ್ತದೆ ಅಂತ ಎಚ್ಚರಿಕೆ ಕೊಟ್ಟದ್ದು ಅಂತ ಹಿರಿಯರು ಅರ್ಥ ಮಾಡಿಕೊಂಡರು. ಹಾಡು ಕುಣಿತವಾಯಿತು, ಹೆಸರು ಗುರಿರ್ ಗುರಿರ್. ಕುಣಿಯುವವರು ಹೆಗಲ ಮೇಲೆ ಹೊತ್ತುಕೊಳ್ಳಲಿಕ್ಕೆ ಪ್ಲೈವುಡ್ ಹಲಗೆಗಳ ಮೇಲೆ ಮಣ್ಣಿನ ಬಣ್ಣದಲ್ಲಿ ಚಿತ್ರ ಬರೆದರು. ಮೊದಮೊದಲು ಬರೆದವರು ಪ್ಯಾಡಿ ಜಮಿಂಜಿ. ರೋವರ್ ಆಮೇಲೆ ಬರೆಯಲು ಶುರು ಮಾಡಿದರು. ಈ ಭಾಗದ ಚಿತ್ರಕಲೆಗೆಲ್ಲ ಆ ಹಲಗೆಗಳೇ ತಾಯಿಬೇರು.

ಇನ್ನು ಕ್ವೀನಿ ಮೆಕೆಂಜಿ. ಟೆಕ್ಸಸ್ ಡೌನ್ಸ್ ಅನ್ನುವ ಫಾರಂನಲ್ಲಿ ದನಗಾಹಿಗಳಿಗೆ ಅಡುಗೆ ಮಾಡುತ್ತಿದ್ದವರು. ಒಮ್ಮೆ ಕುದುರೆಯಿಂದ ರೋವರ್ ಅವರ ತಲೆಗೆ ಪೆಟ್ಟಾಗಿ ಚರ್ಮ ಕಿತ್ತು ಬಂದಿತ್ತು. ಡಾಕ್ಟರ್ ಎಲ್ಲಿಯೋ ದೂರ. ಕ್ವೀನಿ ಸೂಜಿ ದಾರ ತೆಗೆದುಕೊಂಡು ಹೊಲಿದೇಬಿಟ್ಟರು. ರೋವರ್ ಬದುಕಿದ್ದರಿಂದ ತಾನೇ ಆ ಕನಸು, ಆ ಹಾಡು, ಆ ಚಿತ್ರಗಳು. ದಿನಾ ಹೊಲಿಗೆ ಹಾಕಿದ ಗಾಯಗಳನ್ನು ನೋಡುವ ನನಗೆ ಈ ಸಂಗತಿ ಕೇಳಿದಾಗ ಮೈ ಜುಮ್ಮೆಂದಿತು. ಕ್ವೀನಿಯೂ ಮುಂದೆ ಚಿತ್ರ ಬರೆದರು. ನಾನು ಹೇಳಿದೆನಲ್ಲ ಗುಲಾಬಿ, ಅದಕ್ಕೆ ಹೆಸರಾದವರು ಅವರೇ. ಚಂದದ ಗುಡ್ಡಗಳನ್ನಷ್ಟೇ ಬರೆಯಲಿಲ್ಲ. ಮಿಸ್ಟೇಕ್ ಕ್ರೀಕ್‌ನಲ್ಲಿ ತಮ್ಮ ಜನರನ್ನು ಕೊಂದದ್ದನ್ನೂ 1997ರಲ್ಲಿ ಬರೆದಿಟ್ಟರು. ಆ ಚಿತ್ರವನ್ನು ದೇಶದ ರಾಷ್ಟ್ರೀಯ ಮ್ಯೂಸಿಯಂ 2005ರಲ್ಲಿ ಕೊಂಡಿತು. ಗೋಡೆಗೆ ಹಾಕಿ ಜನರಿಗೆ ತೋರಿಸಿದ್ದು 2020ರಲ್ಲಿ.

ಈಗ ದುಡ್ಡಿನ ಮಾತು. 1990ರಲ್ಲಿ ರೋವರ್ ಥಾಮಸ್ ಮತ್ತು ಟ್ರೆವರ್ ನಿಕೋಲ್ಸ್ ಇಟಲಿಯ ವೆನಿಸ್‌ನ ದೊಡ್ಡ ಕಲಾಮೇಳದಲ್ಲಿ ಆಸ್ಟ್ರೇಲಿಯಾದ ಪರವಾಗಿ ಹೋದರು. ರೋವರ್ 1998ರಲ್ಲಿ ತೀರಿಕೊಂಡರು. ಮೇಲಿನಿಂದ ಸುರಿದು ಬರುವ ದೊಡ್ಡ ಮಳೆಯನ್ನು ಬರೆದ ಅವರ ಚಿತ್ರವೊಂದು 2001ರಲ್ಲಿ ಹರಾಜಿಗೆ ಬಂತು. ರಾಷ್ಟ್ರೀಯ ಗ್ಯಾಲರಿ ಅದನ್ನು 7,78,750 ಡಾಲರ್‌ಗೆ ಕೊಂಡಿತು. ಅಮ್ಮ, ನೀನು ಕೇಳಿದ್ದು ಇದನ್ನೇ. ಆ ದುಡ್ಡು ಹೋದದ್ದು ಚಿತ್ರ ಮಾರಿದವರಿಗೆ. ಬರೆದವರ ಮನೆಯವರಿಗೆ ಪಾಲು ಕೊಡಬೇಕು ಅನ್ನುವ ಕಾನೂನೇ ಆಗ ಇರಲಿಲ್ಲ. ಅದು ಬಂದದ್ದು 2010ರಲ್ಲಿ. ಈಗ ಚಿತ್ರ ಮರುಮಾರಾಟವಾದರೆ, ಬೆಲೆ ಸಾವಿರ ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ನೂರಕ್ಕೆ ಐದು ಪಾಲು ಬರೆದವರಿಗೆ ಅಥವಾ ಅವರ ವಾರಸುದಾರರಿಗೆ ಸಲ್ಲಬೇಕು. ಐದೇ ಐದು. ನನಗೆ ಕಡಿಮೆ ಅನ್ನಿಸುತ್ತದೆ. ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ಊರಿನವರೇ ಆರ್ಟ್ ಸೆಂಟರ್ ಕಟ್ಟಿಕೊಂಡದ್ದರ ಬೆಲೆ ಗೊತ್ತಾಗುವುದು ಇಲ್ಲಿ. ಅದಕ್ಕೆ ಮುಂಚೆ ಕೊಳ್ಳುವವರು ಹೊರಗಿನಿಂದ ಬರುತ್ತಿದ್ದರು, ಬೆಲೆ ಅವರು ಹೇಳಿದ್ದು. ಈಗ ಚಿತ್ರ ಇಲ್ಲೇ ಲೆಕ್ಕಕ್ಕೆ ಬರುತ್ತದೆ, ಇಲ್ಲೇ ಬೆಲೆ ಕಟ್ಟುತ್ತಾರೆ. ಮಾರಿದ ದುಡ್ಡಿನಲ್ಲಿ ಬರೆದವರಿಗೆ ಅವರ ಪಾಲು. ಉಳಿದದ್ದು ಕ್ಯಾನ್ವಾಸಿಗೆ, ಕೆಲಸದವರ ಸಂಬಳಕ್ಕೆ, ಮಣ್ಣು ತರುವ ಗಾಡಿಯ ಡೀಸೆಲ್ಲಿಗೆ, ಹಿರಿಯರು ಮಕ್ಕಳನ್ನು ತಮ್ಮ ಕಂಟ್ರಿಗೆ ಕರೆದೊಯ್ದು ಕಥೆ ಹೇಳುವುದಕ್ಕೆ. ಲಾಭ ಅಂತ ಹೊರಗಿನ ಯಾರೂ ಜೇಬಿಗೆ ಹಾಕಿಕೊಂಡು ಹೋಗುವುದಿಲ್ಲ. ಇಂಥ ಕೇಂದ್ರಗಳು ಈ ದೇಶದ ಬೇರೆ ಕಡೆಯೂ ಇವೆ. ಮರುಭೂಮಿಯ ಪಪುನ್ಯಾ ಅನ್ನುವ ಊರಿನ ಕಲಾವಿದರು 1972ರಲ್ಲೇ ಸ್ವಂತ ಕಂಪನಿ ಮಾಡಿಕೊಂಡಿದ್ದರು.

ಒಂದು ಉದಾಹರಣೆ ಹೇಳುತ್ತೇನೆ, ಅಪ್ಪನಿಗೆ ಇಷ್ಟ ಆಗಬಹುದು. ಇಲ್ಲಿಗೆ ಹತ್ತಿರದಲ್ಲೇ ಆರ್ಗೈಲ್ ವಜ್ರದ ಗಣಿ ಇತ್ತು. ಪ್ರಪಂಚದ ಗುಲಾಬಿ ವಜ್ರಗಳಲ್ಲಿ ಹೆಚ್ಚಿನವು ಅಲ್ಲಿಯವೇ. 2020ರಲ್ಲಿ ಮುಚ್ಚಿತು. ಗಣಿಯವರು ಬರುವ ಎಷ್ಟೋ ಕಾಲದ ಮೊದಲಿಂದ ಗಿಜಾ ಜನರಲ್ಲಿ ಆ ಜಾಗಕ್ಕೆ ಒಂದು ಕಥೆ ಇದೆ. ಹೆಂಗಸರು ಹುಲ್ಲಿನ ಬಲೆ ಹಾಕಿ ಬಾರಮುಂಡಿ ಅನ್ನುವ ದೊಡ್ಡ ಮೀನನ್ನು ಅಟ್ಟಿದರು. ಮೀನು ಬಂಡೆಗಳ ನಡುವಿನಿಂದ ಹಾರಿ ತಪ್ಪಿಸಿಕೊಂಡಿತು. ಉಜ್ಜಿ ಬಿದ್ದ ಹುರುಪೆಗಳೇ ಅಲ್ಲಿಯ ಹೊಳೆಯುವ ಕಲ್ಲುಗಳು. ಲೀನಾ ನ್ಯಾಡ್ಬಿ ಅನ್ನುವ ವಾರ್ಮನ್ ಕಲಾವಿದೆ ಆ ಹುರುಪೆಗಳನ್ನು ಕಪ್ಪು ಬಿಳುಪಿನಲ್ಲಿ ಬರೆದರು. ಅದನ್ನು ದೊಡ್ಡದು ಮಾಡಿ 2013ರಲ್ಲಿ ಪ್ಯಾರಿಸ್ಸಿನ ಕೆ ಬ್ರಾನ್ಲಿ ಮ್ಯೂಸಿಯಮ್ಮಿನ ಚಾವಣಿಯ ಮೇಲೆ ಬರೆಸಿದ್ದಾರೆ, 700 ಚದರ ಮೀಟರ್. ಐಫೆಲ್ ಟವರ್ ಹತ್ತಿ ಕೆಳಗೆ ನೋಡಿದರೆ ಕಾಣುತ್ತದೆ. ವಜ್ರ ಅಗೆದು ಒಯ್ದರು, ಗಣಿಯೂ ಮುಚ್ಚಿತು. ಮೀನಿನ ಕಥೆ ಯಾರದೋ ಅವರ ಹೆಸರಿನಲ್ಲೇ ಇದೆ. ಇದನ್ನು ನೆನೆದರೆ ನನಗೆ ತುಂಬಾ ಖುಷಿಯಾಗುತ್ತದೆ.

ಈಗ ಒಂದು ಬೇಸರದ ವಿಷಯ. ಎರಡು ವರ್ಷದ ಹಿಂದೆ ದೀಪಾವಳಿಗೆ ತಮ್ಮನಿಗೆ ಚುಕ್ಕಿ ಚಿತ್ರ ಇರುವ ಬೂಮರಾಂಗ್ ಕಳಿಸಿದ್ದೆನಲ್ಲ, ಹಜಾರದಲ್ಲಿ ನೇತುಹಾಕಿದ್ದೀರಿ. ಬೇರೆ ಊರಿನ ಪ್ರವಾಸಿಗಳ ಅಂಗಡಿಯೊಂದರಲ್ಲಿ ಕೊಂಡದ್ದು. ಇಲ್ಲಿಯ ಮೂಲನಿವಾಸಿಗಳೇ ಮಾಡಿದ್ದು ಅಂತ ಅಂಗಡಿಯವರು ಹೇಳಿದ್ದರು, ನಂಬಿದೆ. ವಾರ್ಮನ್‌ನಲ್ಲಿ ಅದರ ಫೋಟೋ ತೋರಿಸಿದಾಗ ಅಲ್ಲಿಯ ಹುಡುಗಿ, "ಬರೆದವರ ಹೆಸರು ಎಲ್ಲಿದೆ? ಯಾವ ಕಂಟ್ರಿ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಸರೂ ಇಲ್ಲ, ಊರೂ ಇಲ್ಲ. ಇಂಥ ನಕಲಿ ಮಾಲಿನ ಮೇಲೆ ಇಲ್ಲಿ ಕೋರ್ಟಿನಲ್ಲಿ ಕೇಸೇ ನಡೆದಿದೆ. ಇಂಡೋನೇಷ್ಯಾದಲ್ಲಿ ಮಾಡಿಸಿದ ಬೂಮರಾಂಗ್‌ಗಳನ್ನು ಮೂಲನಿವಾಸಿಗಳ ಕೈಕೆಲಸ ಅನ್ನುವ ಹಾಗೆ ಮಾರಿದ್ದಕ್ಕೆ ಒಂದು ಕಂಪನಿಗೆ 2019ರಲ್ಲಿ 23 ಲಕ್ಷ ಡಾಲರ್ ದಂಡ ಬಿತ್ತು. ಆ ಬೂಮರಾಂಗನ್ನು ಗೋಡೆಯಿಂದ ತೆಗೆದುಬಿಡಿ ಅಮ್ಮ. ತಮ್ಮನಿಗೆ ಕಾರಣ ನಾನೇ ಹೇಳುತ್ತೇನೆ.

ಹೊರಡುವ ಮುಂಚೆ ಆ ಹುಡುಗಿ ಸೆಂಟರಿನ ಇನ್ನೊಂದು ಆಸ್ತಿಯ ಬಗ್ಗೆ ಹೇಳಿದಳು. ಊರಿನ ಶಾಲೆಯನ್ನು 1979ರಲ್ಲಿ ಕ್ರೈಸ್ತ ಸಿಸ್ಟರ್‌ಗಳು ಶುರು ಮಾಡಿದ್ದು. ಮಕ್ಕಳು ಎರಡೂ ಕಲಿಯಬೇಕು, ಹೊರಗಿನದೂ ನಮ್ಮದೂ, ಅಂತ ಹಿರಿಯರು ಪಾಠಕ್ಕಾಗಿಯೇ ಹಲಗೆಗಳ ಮೇಲೆ ಚಿತ್ರ ಬರೆದುಕೊಟ್ಟಿದ್ದರು, ಕೆತ್ತಿಕೊಟ್ಟಿದ್ದರು. ಅವನ್ನು ಮಾರುವುದಿಲ್ಲ. ಊರಿನ ಸ್ವತ್ತು. 2011ರ ಮಾರ್ಚ್‌ನಲ್ಲಿ ಹಳ್ಳ ಉಕ್ಕಿ ಊರೇ ಮುಳುಗಿತು. ಜನರನ್ನೆಲ್ಲ ಕುನುನುರಾಕ್ಕೆ ಸಾಗಿಸಿದರು. ಚಿತ್ರಗಳು ನೀರಲ್ಲಿ ತೇಲಿಹೋದವು, ಉಳಿದವು ಕೆಸರು ಹಿಡಿದು ಬೂಸ್ಟು ಬಂದವು. ಹಿರಿಯರ ಆ ಹಲಗೆಗಳನ್ನು ಆರಿಸಿ ತೆಗೆದು ಮೆಲ್ಬರ್ನ್ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಅಲ್ಲಿ ಒಂದೊಂದನ್ನೂ ಶುಚಿ ಮಾಡಿ, ಬಣ್ಣ ಉದುರದ ಹಾಗೆ ಭದ್ರ ಮಾಡಿ ವಾಪಸ್ ತಂದರು. ಮಣ್ಣಿನ ಬಣ್ಣಕ್ಕೆ ಕೆಸರು ಮೆತ್ತಿಕೊಂಡರೆ ಯಾವುದು ಬಣ್ಣ, ಯಾವುದು ಕೆಸರು ಅಂತ ಬೇರೆ ಮಾಡುವುದು ಎಷ್ಟು ಕಷ್ಟ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆ ಅಜ್ಜಿ ಬರೆದ ಒಂದು ಚಿಕ್ಕ ಚಿತ್ರ ಕೊಂಡಿದ್ದೇನೆ. ಎರಡು ಅಂಗೈ ಅಗಲ. ಅವರ ಅಮ್ಮ ಹುಟ್ಟಿದ ಜಾಗವಂತೆ. ಕೆಂಪು ಗುಡ್ಡ, ಸುತ್ತ ಬಿಳಿ ಚುಕ್ಕಿಯ ಸಾಲು, ನಡುವೆ ಹಳದಿ ಹಳ್ಳ. ಜೊತೆಗೆ ಒಂದು ಕಾಗದ ಇದೆ. ಅದರಲ್ಲಿ ಬರೆದವರ ಹೆಸರು, ಕಂಟ್ರಿಯ ಹೆಸರು, ಕಥೆ, ಸೆಂಟರಿನ ನಂಬರ್ ಎಲ್ಲ ಇದೆ. ಚಿತ್ರ ಎಲ್ಲಿರುತ್ತದೋ ಕಾಗದವೂ ಅಲ್ಲೇ ಇರಬೇಕು. ಕಲ್ಲು ಕೊಡದಿದ್ದ ಅಜ್ಜಿ ಇದನ್ನು ಕಾಗದದಲ್ಲಿ ಸುತ್ತಿಕೊಡುವಾಗ, "ಇದು ನನ್ನದು, ಇದನ್ನು ಕೊಡಬಹುದು. ನಿನ್ನಮ್ಮನಿಗೆ ಕಳಿಸು" ಅಂದರು.

ಡಿಸೆಂಬರ್‌ನಲ್ಲಿ ಬರುವಾಗ ನಾನೇ ತರುತ್ತೇನೆ, ಪೋಸ್ಟಿಗೆ ಹಾಕಲಿಕ್ಕೆ ಧೈರ್ಯವಿಲ್ಲ. ಜಾಗ ಈಗಲೇ ನೋಡಿಡು. ಹಜಾರದ ಪಡುವಣ ಗೋಡೆ ಬೇಡ, ಮಳೆಗಾಲದಲ್ಲಿ ಅದು ಒದ್ದೆಯಾಗುತ್ತದೆ. ಅಡುಗೆಮನೆ ಹೊಗೆ ತಾಗುವ ಕಡೆಯೂ ಬೇಡ. ಧೂಳು ಕೂತರೆ ಬಟ್ಟೆ ಒದ್ದೆ ಮಾಡಿ ಒರೆಸಬಾರದು, ಬಣ್ಣ ಬಟ್ಟೆಗೆ ಬರುತ್ತದೆ. ಮನೆಗೆ ಬಂದವರು ಮುಟ್ಟಿ ನೋಡದ ಎತ್ತರದಲ್ಲಿ ಅಪ್ಪ ಮೊಳೆ ಹೊಡೆಯಲಿ. ನೀನು ಮಾತ್ರ ಹತ್ತಿರ ಹೋಗಿ ಒಮ್ಮೆ ಮೂಸಿ ನೋಡು. ವಾಸನೆ ಇನ್ನೂ ಹೋಗಿಲ್ಲ.

ನಿಮ್ಮ ಪ್ರೀತಿಯ ಮಗಳು